ಹೋಮೋಸಿಸ್ಟೀನ್: ಎರಡು ಮಕ್ಕಳ ರಕ್ತನಾಳ ಹೇಳಿದ ಮಾತು

ಕೆಲವು ವರ್ಷಗಳಿಂದ ನಮ್ಮ ಅಕ್ಕಲಕೋಟ ಸೀಮೆಯ ಹಳ್ಳಿಗಳಿಗೂ ಒಂದು ಹೊಸ ಶಬ್ದ ಬಂದು ಸೇರಿದೆ. ಸೊಲ್ಲಾಪುರಕ್ಕೆ ಹೋಗಿ ರಕ್ತ ತಪಾಸಣೆ ಮಾಡಿಸಿಕೊಂಡು ಬಂದವರ ಕಾಗದದಲ್ಲಿ ಸಕ್ಕರಿ, ಕೊಲೆಸ್ಟ್ರಾಲ್ ಇವುಗಳ ಕೆಳಗೆ ‘ಹೋಮೋಸಿಸ್ಟೀನ್’ ಅಂತ ಒಂದು ಸಾಲು ಇರುತ್ತದೆ. ಅದರ ಮುಂದೆ 25, 32, ಕೆಲವರಿಗೆ 40 ಅಂತ ಅಂಕಿ. ನಾನು ಸಾಲಿಯೊಳಗ ವಿಜ್ಞಾನ ಕಲಿಸಿದ ಮಾಸ್ತರ ಅನ್ನುವ ಕಾರಣಕ್ಕೆ ಜನ ಆ ಕಾಗದ ತಂದು ತೋರಿಸುತ್ತಾರೆ. “ಸರ, ಇದು ಹೆಚ್ಚಾದರ ಹಾರ್ಟ್ ಅಟ್ಯಾಕ್ ಆಗತದೇನ್ರಿ?” ಅಂತ ಕೇಳುತ್ತಾರೆ. ಹೌದು ಅಂದರೂ ಪೂರಾ ಖರೆ ಅಲ್ಲ, ಇಲ್ಲ ಅಂದರೂ ಪೂರಾ ಖರೆ ಅಲ್ಲ. ನಾನು ಡಾಕ್ಟರ್ ಅಲ್ಲ, ಔಷಧ ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ಶಬ್ದ ಎಲ್ಲಿಂದ ಬಂತು, ಯಾರು ಅದನ್ನು ಹೃದಯಕ್ಕೆ ಜೋಡಿಸಿದರು, ಆಮೇಲೆ ಏನಾಯಿತು ಅನ್ನುವ ಇತಿಹಾಸ ಹೇಳಬಲ್ಲೆ. ಆ ಇತಿಹಾಸ ಗೊತ್ತಾದರೆ ಉತ್ತರವೂ ತಾನೇ ಗೊತ್ತಾಗುತ್ತದೆ.

1932ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿನ್ಸೆಂಟ್ ಡು ವಿನ್ಯೋ ಎಂಬ ರಸಾಯನಶಾಸ್ತ್ರಜ್ಞ ಗಂಧಕ ಇರುವ ವಸ್ತುಗಳ ಅಭ್ಯಾಸ ಮಾಡುತ್ತಿದ್ದ. ಹಾಲು, ತತ್ತಿ, ಮಾಂಸ, ಬೇಳೆಕಾಳು ಇವುಗಳ ಪ್ರೋಟೀನಿನಲ್ಲಿ ಮೆಥಿಯೋನೀನ್ ಎಂಬ ಗಂಧಕದ ಅಂಶ ಇರುತ್ತದೆ. ಅದನ್ನು ಗಟ್ಟಿ ಗಂಧಕಾಮ್ಲದಲ್ಲಿ ಕಾಯಿಸಿದಾಗ ಒಂದು ಹೊಸ ವಸ್ತು ಸಿಕ್ಕಿತು. ಮೊದಲೇ ಗೊತ್ತಿದ್ದ ಸಿಸ್ಟೀನ್ ಎಂಬ ವಸ್ತುವಿನಂತೆಯೇ ಇತ್ತು, ಆದರೆ ಒಂದು ಇಂಗಾಲದ ಪರಮಾಣು ಹೆಚ್ಚು. ಹಾಗಾಗಿ ಅದಕ್ಕೆ ಹೋಮೋಸಿಸ್ಟೀನ್ ಅಂತ ಹೆಸರು ಬಂತು. ಡು ವಿನ್ಯೋಗೆ 1955ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಆದರೆ ಈ ವಸ್ತುವಿಗೂ ಹೃದಯಕ್ಕೂ ಸಂಬಂಧ ಇದ್ದೀತು ಅಂತ ಆಗ ಯಾರ ತಲೆಯಲ್ಲೂ ಇರಲಿಲ್ಲ.

ನಮ್ಮ ಮೈಯೊಳಗೆ ಗಂಧಕಾಮ್ಲ ಕಾಯಿಸುವ ಒಲೆ ಇಲ್ಲ. ಆದರೂ ಅಲ್ಲಿ ದಿನಾಲೂ ಮೆಥಿಯೋನೀನಿನಿಂದ ಹೋಮೋಸಿಸ್ಟೀನ್ ಆಗುತ್ತಲೇ ಇರುತ್ತದೆ. ಹೊಲದ ಕಾಲುವೆ ನೆನಸಿಕೊಳ್ಳಿರಿ. ಬಾವಿಯಿಂದ ನೀರು ಬಂದು ಒಂದು ಮಡುವಿನಲ್ಲಿ ಕೂಡುತ್ತದೆ. ಆ ಮಡುವಿಗೆ ಎರಡು ತೂಬು. ಒಂದು ತೂಬಿನ ನೀರು ತಿರುಗಿ ಬಾವಿಗೇ ಹೋಗುತ್ತದೆ, ಅಂದರೆ ಹೋಮೋಸಿಸ್ಟೀನ್ ಮತ್ತೆ ಮೆಥಿಯೋನೀನ್ ಆಗುತ್ತದೆ. ಈ ತೂಬು ತೆರೆಯಲಿಕ್ಕೆ ಫೋಲೇಟ್ ಮತ್ತು ಬಿ12 ಎಂಬ ಎರಡು ಜೀವಸತ್ವ ಬೇಕು. ಇನ್ನೊಂದು ತೂಬಿನ ನೀರು ಮುಂದಿನ ಹೊಲಕ್ಕೆ ಹೋಗುತ್ತದೆ, ಅಂದರೆ ಹೋಮೋಸಿಸ್ಟೀನ್ ಸಿಸ್ಟೀನ್ ಆಗುತ್ತದೆ. ಅದಕ್ಕೆ ಬಿ6 ಬೇಕು. ಎರಡೂ ತೂಬು ಸರಿಯಿದ್ದರೆ ಮಡುವಿನಲ್ಲಿ ನೀರು ಹದವಾಗಿರುತ್ತದೆ. ರಕ್ತದಲ್ಲಿ ಅದರ ಸಾಧಾರಣ ಮಟ್ಟ 5ರಿಂದ 15 ಮೈಕ್ರೋಮೋಲ್. ಯಾವುದೋ ಒಂದು ತೂಬು ಕಟ್ಟಿಕೊಂಡಿತು ಅಂದರೆ ನೀರು ಏರುತ್ತದೆ, ಒಡ್ಡು ನೆನೆದು ಕುಸಿಯಲಿಕ್ಕೆ ಹತ್ತುತ್ತದೆ. ಇಲ್ಲಿ ಒಡ್ಡು ಅಂದರೆ ರಕ್ತನಾಳದ ಗೋಡೆ.

ಇನ್ನು ಮಕ್ಕಳ ಕಥೆಗೆ ಬರೋಣ. ಡು ವಿನ್ಯೋ ಆ ವಸ್ತು ಕಂಡುಹಿಡಿದ ಮಗ್ಗುಲ ವರ್ಷವೇ, 1933ರಲ್ಲಿ, ಬಾಸ್ಟನ್ ಪಟ್ಟಣದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಂಟು ವರ್ಷದ ಒಬ್ಬ ಹುಡುಗ ಲಕ್ವಾ ಹೊಡೆದು ಸತ್ತ. ಎಂಟು ವರ್ಷದವನಿಗೆ ಲಕ್ವಾ! ಡಾಕ್ಟರರು ಶವಪರೀಕ್ಷೆ ಮಾಡಿ ನೋಡಿದರೆ, ಕುತ್ತಿಗೆಯ ರಕ್ತನಾಳ ಮುದುಕರ ರಕ್ತನಾಳದ ಹಾಗೆ ದಪ್ಪಾಗಿ, ಒಳದಾರಿ ಸಣ್ಣದಾಗಿತ್ತು. ಆ ಪ್ರಕರಣವನ್ನು ವೈದ್ಯಪತ್ರಿಕೆಯಲ್ಲಿ ಅಚ್ಚುಹಾಕಿದರು. ಕಾರಣ ಮಾತ್ರ ಯಾರಿಗೂ ತಿಳಿಯಲಿಲ್ಲ. ಹುಡುಗನ ಅಂಗಾಂಶದ ತುಣುಕುಗಳು ಆಸ್ಪತ್ರೆಯ ಕಪಾಟಿನಲ್ಲಿ ಉಳಿದವು.

ಮೂವತ್ತು ವರ್ಷ ಹೋಯಿತು. 1962ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ನೀನಾ ಕಾರ್ಸನ್ ಮತ್ತು ಡೆಸ್ಮಂಡ್ ನೀಲ್ ಎಂಬ ವೈದ್ಯರು ಬುದ್ಧಿಮಾಂದ್ಯ ಮಕ್ಕಳ ಮೂತ್ರ ತಪಾಸಣೆ ಮಾಡುವಾಗ ಅದರಲ್ಲಿ ಹೋಮೋಸಿಸ್ಟೀನಿನ ಜೋಡಿ ರೂಪವನ್ನು ಕಂಡರು. ಅದೇ ವರ್ಷ ಅಮೆರಿಕದ ವಿಸ್ಕಾನ್ಸಿನ್‌ನಲ್ಲೂ ಅಂಥದೇ ಮಗು ಸಿಕ್ಕಿತು. ಹುಟ್ಟಿನಿಂದಲೇ ಬರುವ ಈ ರೋಗಕ್ಕೆ ಹೋಮೋಸಿಸ್ಟಿನೂರಿಯಾ ಅಂತ ಹೆಸರಾಯಿತು. ಈ ಮಕ್ಕಳ ಕಣ್ಣಿನ ಮಸೂರ ಜಾರಿರುತ್ತದೆ, ಕೈಕಾಲು ಉದ್ದ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. 1964ರಲ್ಲಿ ಹಾರ್ವೆ ಮಡ್ ಮತ್ತು ಜೊತೆಗಾರರು ಇವರ ಮೈಯಲ್ಲಿ ಎರಡನೆಯ ತೂಬಿನ ಕಿಣ್ವವೇ ಕೆಲಸ ಮಾಡುವುದಿಲ್ಲ ಅಂತ ತೋರಿಸಿಕೊಟ್ಟರು.

1965ರಲ್ಲಿ ಬಾಸ್ಟನ್ನಿನ ಅದೇ ಆಸ್ಪತ್ರೆಗೆ ಈ ರೋಗದ ಒಬ್ಬ ಹುಡುಗಿ ಬಂದಳು. ತಮ್ಮ ಮನೆತನದಲ್ಲಿ ಹಿಂದೆ ಒಬ್ಬ ಹುಡುಗ, ಆಕೆಗೆ ಸೋದರಮಾವ ಆಗಬೇಕಾದವನು, ಇಲ್ಲೇ ಸತ್ತಿದ್ದ ಅಂತ ಮನೆಯವರು ಹೇಳಿದರು. ಹುಡುಕಿದರೆ ಅವನೇ 1933ರ ಹುಡುಗ! ಈ ಸಂಗತಿ 1968ರಲ್ಲಿ ಕಿಲ್ಮರ್ ಮೆಕ್ಕಲಿ ಎಂಬ ತರುಣ ರೋಗಶಾಸ್ತ್ರಜ್ಞನ ಕಿವಿಗೆ ಬಿತ್ತು. ಆತ ಹಾರ್ವರ್ಡ್ ವೈದ್ಯಶಾಲೆಯಲ್ಲಿ ಕಲಿಸುತ್ತ ಆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ. ಕಪಾಟಿನಲ್ಲಿ ಮೂವತ್ತೈದು ವರ್ಷ ಕೂತಿದ್ದ ಆ ತುಣುಕುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ. ಹುಡುಗನ ಮೈಯ ಸಣ್ಣ ರಕ್ತನಾಳಗಳೆಲ್ಲ ಅಲ್ಲಲ್ಲಿ ಕೆಟ್ಟು ಗಡುಸಾಗಿದ್ದವು. ಆದರೆ ಮುದುಕರ ನಾಳಗಳಲ್ಲಿ ಕಾಣುವ ಕೊಬ್ಬು ಅಲ್ಲಿ ಹೆಚ್ಚು ಇರಲಿಲ್ಲ.

ಇಷ್ಟಕ್ಕೇ ಆತ ತೀರ್ಮಾನಕ್ಕೆ ಬರಲಿಲ್ಲ. ಈ ರೋಗದಲ್ಲಿ ಹೋಮೋಸಿಸ್ಟೀನ್ ಏರಿದಂತೆ ಮೆಥಿಯೋನೀನೂ ಏರುತ್ತದೆ. ಹಾಗಾದರೆ ನಾಳ ಕೆಡಿಸಿದ್ದು ಎರಡರಲ್ಲಿ ಯಾವುದು? ಆಗ ಇನ್ನೊಂದು ಕೂಸಿನ ವಿಷಯ ಗೊತ್ತಾಯಿತು. ಸುಮಾರು ಎರಡು ತಿಂಗಳ ಗಂಡುಕೂಸು, ಸತ್ತು ಹೋಗಿತ್ತು. ಅದರ ಮೈಯಲ್ಲಿ ಕೆಟ್ಟದ್ದು ಬೇರೆ ತೂಬು. ಬಿ12 ಅನ್ನು ಬಳಸಿಕೊಳ್ಳುವ ಶಕ್ತಿಯೇ ಆ ಕೂಸಿಗೆ ಇರಲಿಲ್ಲ. ಹಾಗಾಗಿ ಹೋಮೋಸಿಸ್ಟೀನ್ ಏರಿತ್ತು, ಆದರೆ ಮೆಥಿಯೋನೀನ್ ಇಳಿದಿತ್ತು. ಮೆಕ್ಕಲಿ ಅದರ ರಕ್ತನಾಳವನ್ನೂ ನೋಡಿದ. ಅಲ್ಲೂ ಅದೇ ಕೇಡು! ಎರಡು ಮಕ್ಕಳಲ್ಲಿ ಕೆಟ್ಟ ಜಾಗ ಬೇರೆ, ಮೆಥಿಯೋನೀನ್ ಒಬ್ಬನಿಗೆ ಹೆಚ್ಚು ಒಬ್ಬನಿಗೆ ಕಡಿಮೆ, ಇಬ್ಬರಿಗೂ ಸಮಾನವಾದದ್ದು ಹೋಮೋಸಿಸ್ಟೀನ್ ಒಂದೇ. 1969ರಲ್ಲಿ ಆತ ಇದನ್ನು ಪ್ರಕಟಿಸಿದ. ಜೊತೆಗೆ ಇನ್ನೊಂದು ದೊಡ್ಡ ಮಾತನ್ನೂ ಹೇಳಿದ. ಬಹಳ ಏರಿದ ಹೋಮೋಸಿಸ್ಟೀನ್ ಮಕ್ಕಳ ನಾಳವನ್ನು ಕೆಲವೇ ವರ್ಷದಲ್ಲಿ ಕೆಡಿಸುವುದಾದರೆ, ಸ್ವಲ್ಪ ಏರಿದ ಹೋಮೋಸಿಸ್ಟೀನ್ ದೊಡ್ಡವರ ನಾಳವನ್ನು ನಲವತ್ತು ಐವತ್ತು ವರ್ಷದಲ್ಲಿ ಕೆಡಿಸಬಹುದಲ್ಲವೇ?

ಆ ಕಾಲದಲ್ಲಿ ಹೃದಯರೋಗ ಅಂದರೆ ಕೊಲೆಸ್ಟ್ರಾಲ್ ಅಂತಲೇ ಎಲ್ಲರ ಮಾತು. ಅದು ಬರೀ ಮಾತಲ್ಲ, ಗಟ್ಟಿ ಆಧಾರ ಇತ್ತು. 1913ರಲ್ಲೇ ರಷ್ಯದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನಿಸಿ ಅವುಗಳ ನಾಳ ಕೆಟ್ಟಿದ್ದನ್ನು ತೋರಿಸಿದ್ದ. ಅಂಥದರಲ್ಲಿ ಎರಡು ಮಕ್ಕಳ ತುಣುಕು ಹಿಡಕೊಂಡು ಬೇರೆ ಮಾತಾಡುವವನನ್ನು ಯಾರು ಕೇಳುತ್ತಾರೆ? ಮೆಕ್ಕಲಿಯ ಸಂಶೋಧನೆಗೆ ಹಣ ನಿಂತಿತು. 1970ರ ದಶಕದ ಕೊನೆಗೆ ಹಾರ್ವರ್ಡಿನ ಸ್ಥಾನ ಬಿಡಬೇಕಾಯಿತು. ಹೆಂಡತಿ ಮಕ್ಕಳಿರುವ ಮನುಷ್ಯ ಎರಡು ವರ್ಷಕ್ಕೂ ಮೇಲೆ ಕೆಲಸ ಹುಡುಕುತ್ತ ತಿರುಗಿದ. ಕಡೆಗೆ 1981ರಲ್ಲಿ ಪ್ರಾವಿಡೆನ್ಸ್ ಊರಿನ ಮಾಜಿ ಸೈನಿಕರ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಆತ ತನ್ನ ಅಭ್ಯಾಸ ಬಿಡಲಿಲ್ಲ.

ನಿಧಾನಕ್ಕೆ ಗಾಳಿ ತಿರುಗಿತು. 1976ರಲ್ಲಿ ಆಸ್ಟ್ರೇಲಿಯಾದ ವಿಲ್ಕೆನ್ ದಂಪತಿಗಳು, ಹೃದಯರೋಗ ಇರುವ ದೊಡ್ಡವರ ಮೈ ಹೋಮೋಸಿಸ್ಟೀನನ್ನು ಸರಿಯಾಗಿ ಕರಗಿಸುವುದಿಲ್ಲ ಅಂತ ಬರೆದರು. 1992ರಲ್ಲಿ ದೊಡ್ಡ ಪುರಾವೆ ಬಂತು. ಅಮೆರಿಕದ 14,916 ಗಂಡಸು ವೈದ್ಯರ ರಕ್ತವನ್ನು ಮೊದಲೇ ತೆಗೆದಿಟ್ಟಿದ್ದರು. ಅವರಲ್ಲಿ ಮುಂದೆ 271 ಮಂದಿಗೆ ಹೃದಯಾಘಾತವಾಯಿತು. ಇಟ್ಟ ರಕ್ತ ತೆಗೆದು ಅಳೆದರೆ, ಹೋಮೋಸಿಸ್ಟೀನ್ ಎಲ್ಲರಿಗಿಂತ ಹೆಚ್ಚಿದ್ದ ನೂರಕ್ಕೆ ಐದು ಮಂದಿಗೆ ಅಪಾಯ ಸುಮಾರು ಮೂರು ಪಟ್ಟು ಇತ್ತು. ಹಾರ್ವರ್ಡಿನವರೇ ಮಾಡಿದ ಅಭ್ಯಾಸ ಇದು.

ಹೋಮೋಸಿಸ್ಟೀನ್ ನಾಳಕ್ಕೆ ಮಾಡುವುದಾದರೂ ಏನು? ಇಲ್ಲಿ ಉರಿಯೂತ ಅನ್ನುವ ಮಾತು ಬರುತ್ತದೆ. ಕಾಲಿಗೆ ಜಾಲಿಮುಳ್ಳು ಮುರಿದರೆ ಏನಾಗುತ್ತದೆ? ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ, ನೋಯುತ್ತದೆ. ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷದ ಹಿಂದೆ ಬರೆದಿಟ್ಟ ನಾಲ್ಕು ಗುರುತು ಇವೇ. ಮುಳ್ಳು ತೆಗೆಯುವ ತನಕ ಮೈಯ ಬಿಳಿ ರಕ್ತಕಣಗಳು ಅಲ್ಲಿಗೆ ಓಡಿ ಬಂದು ಹೊಡೆದಾಡುತ್ತಿರುತ್ತವೆ. ರಕ್ತನಾಳದ ಒಳಗೂ ಇಂಥ ಹೊಡೆದಾಟ ನಡೆಯುತ್ತದೆ ಅಂತ 1856ರಲ್ಲೇ ಜರ್ಮನಿಯ ರುಡಾಲ್ಫ್ ವಿರ್ಕೋ ಹೇಳಿದ್ದ. ಆ ಮಾತು ಬಹುಕಾಲ ಹಿಂದೆ ಬಿದ್ದಿತ್ತು. 1999ರಲ್ಲಿ ರಸೆಲ್ ರಾಸ್ ಎಂಬ ಅಮೆರಿಕದ ವಿಜ್ಞಾನಿ, ನಾಳ ಗಡುಸಾಗುವುದು ಬರೀ ಕೊಬ್ಬು ಕೂಡುವುದಲ್ಲ, ಅದೊಂದು ಉರಿಯೂತದ ರೋಗ ಅಂತ ಬರೆದ ಮೇಲೆ ಎಲ್ಲರೂ ಒಪ್ಪಲಿಕ್ಕೆ ಹತ್ತಿದರು.

ನಾಳದ ಒಳಮೈಗೆ ಒಂದೇ ಪದರದ ತೆಳುವಾದ ಜೀವಕೋಶಗಳ ಹಾಸು ಇರುತ್ತದೆ. ಆರೋಗ್ಯದಲ್ಲಿ ಅದು ಗಾರೆ ನೆಲದ ಹಾಗೆ ನುಣುಪು. ಬಿಳಿಕಣಗಳು ಅದರ ಮೇಲೆ ನಿಲ್ಲುವುದಿಲ್ಲ, ಜಾರಿ ಹೋಗುತ್ತವೆ. 2001ರಲ್ಲಿ ಮನುಷ್ಯರ ನಾಳದಿಂದ ಬೆಳೆಸಿದ ಈ ಜೀವಕೋಶಗಳ ಮೇಲೆ ಹೋಮೋಸಿಸ್ಟೀನ್ ಹಾಕಿ ನೋಡಿದರು. ಅವು ಎಂಸಿಪಿ-1 ಮತ್ತು ಇಂಟರ್‌ಲ್ಯೂಕಿನ್-8 ಎಂಬ ಎರಡು ವಸ್ತುಗಳನ್ನು ಹೆಚ್ಚಾಗಿ ಹೊರಗೆ ಬಿಟ್ಟವು. ಇವು ಬಿಳಿಕಣಗಳನ್ನು ಕರೆಯುವ ಡಂಗುರ ಇದ್ದಂತೆ. ಡಂಗುರ ಕೇಳಿ ಬಂದ ಬಿಳಿಕಣಗಳು ಗೋಡೆಗೆ ಅಂಟಿ, ಒಳಗೆ ನುಗ್ಗಿ, ಅಲ್ಲಿದ್ದ ಕೊಬ್ಬು ತಿಂದು ಉಬ್ಬುತ್ತವೆ. ಹೀಗೆ ಗೋಡೆಯೊಳಗೆ ಗಡ್ಡೆ ಬೆಳೆಯುತ್ತದೆ. ಅದು ಒಡೆದ ದಿನ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಹೋಮೋಸಿಸ್ಟೀನ್ ಇನ್ನೂ ಒಂದು ಕೆಲಸ ಮಾಡುತ್ತದೆ. ನಾಳವನ್ನು ಸಡಿಲಾಗಿ ಇಡುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಶಕ್ತಿಯನ್ನು ಕುಗ್ಗಿಸುತ್ತದೆ. ಅದೇ 2001ರಲ್ಲಿ ನಾಳರೋಗ ಬೇಗ ಬರುವ ಜಾತಿಯ ಇಲಿಗಳಿಗೆ ಹೋಮೋಸಿಸ್ಟೀನ್ ಏರಿಸುವ ಆಹಾರ ಕೊಟ್ಟಾಗ ಅವುಗಳ ನಾಳದಲ್ಲಿ ಉರಿಯೂತವೂ ಗಡ್ಡೆಯೂ ಹೆಚ್ಚಾದವು. ಜೀವಸತ್ವ ಕೊಟ್ಟಾಗ ಕಡಿಮೆಯಾದವು.

ಏರಿದ್ದನ್ನು ಇಳಿಸುವ ಉಪಾಯವೂ ಕೈಯಲ್ಲೇ ಇತ್ತು, ಅದಕ್ಕೂ ನಮ್ಮ ದೇಶಕ್ಕೂ ನಂಟು ಇದೆ. 1928ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಲೂಸಿ ವಿಲ್ಸ್ ಮುಂಬಯಿಗೆ ಬಂದು, ಗಿರಣಿ ಕೆಲಸದ ಬಡ ಬಸಿರಿ ಹೆಣ್ಣುಮಕ್ಕಳ ರಕ್ತಹೀನತೆಯ ಅಭ್ಯಾಸ ಮಾಡಿದರು. ಯೀಸ್ಟಿನ ಸಾರ ಕೊಟ್ಟರೆ ಅವರ ರಕ್ತ ತುಂಬುತ್ತದೆ ಅಂತ 1931ರಲ್ಲಿ ಬರೆದರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ 1941ರಲ್ಲಿ ಪಾಲಕ ಸೊಪ್ಪಿನಿಂದ ಬೇರ್ಪಟ್ಟ ಫೋಲಿಕ್ ಆಮ್ಲ. ಲ್ಯಾಟಿನ್ ಭಾಷೆಯಲ್ಲಿ ಎಲೆಗೆ ಇರುವ ಶಬ್ದದಿಂದ ಆ ಹೆಸರು ಬಂತು. ಅದನ್ನು 1945ರ ಹೊತ್ತಿಗೆ ಕಾರಖಾನೆಯಲ್ಲಿ ತಯಾರಿಸಿದ ಅಮೆರಿಕದ ತಂಡದ ಮುಖ್ಯಸ್ಥ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹೀಗೆ ಫೋಲಿಕ್ ಆಮ್ಲದ ಗುಳಿಗಿ ಬಡವರಿಗೂ ಎಟಕುವ ಬೆಲೆಗೆ ಬಂತು.

ಇಷ್ಟು ಸುಲಭದ ಗುಳಿಗಿ ಇದ್ದ ಮೇಲೆ ಹೃದಯರೋಗ ಗೆದ್ದಂತೆಯೇ ಅಂತ 1990ರ ದಶಕದಲ್ಲಿ ಬಹಳ ಜನ ನಂಬಿದರು. ಆದರೆ ನಂಬಿಕೆ ಬೇರೆ, ಪರೀಕ್ಷೆ ಬೇರೆ. ನಾರ್ವೆಯಲ್ಲಿ ಹೃದಯಾಘಾತವಾದ 3,749 ಮಂದಿಗೆ ಮತ್ತು ಇನ್ನೊಂದು ಪ್ರಯೋಗದಲ್ಲಿ ನಾಳರೋಗ ಅಥವಾ ಸಕ್ಕರಿ ರೋಗ ಇದ್ದ 5,522 ಮಂದಿಗೆ ಚೀಟಿ ಎತ್ತಿದ ಹಾಗೆ ಪಾಲು ಮಾಡಿ, ಕೆಲವರಿಗೆ ಜೀವಸತ್ವ, ಕೆಲವರಿಗೆ ಸುಮ್ಮನೆ ಸಪ್ಪೆ ಗುಳಿಗಿ ಕೊಟ್ಟರು. ಎರಡರ ಫಲವೂ 2006ರಲ್ಲಿ ಬಂತು. ಹೋಮೋಸಿಸ್ಟೀನ್ ಇಳಿಯಿತು, ನಾರ್ವೆಯಲ್ಲಿ ನೂರಕ್ಕೆ 27ರಷ್ಟು. ಹೃದಯಾಘಾತ ಮಾತ್ರ ಕಡಿಮೆಯಾಗಲಿಲ್ಲ. 2010ರಲ್ಲಿ ಇಂಗ್ಲೆಂಡಿನ 12,064 ಮಂದಿಯ ಪ್ರಯೋಗವೂ ಅದನ್ನೇ ಹೇಳಿತು. ಉರಿಯೂತದ ವಿಷಯಕ್ಕೂ ಹೀಗೇ ಆಯಿತು. ಲಕ್ವಾ ಹೊಡೆದವರಿಗೆ ಜೀವಸತ್ವ ಕೊಟ್ಟು 2005ರಲ್ಲಿ ಆಸ್ಟ್ರೇಲಿಯಾದವರು ನೋಡಿದಾಗ, ಹೋಮೋಸಿಸ್ಟೀನ್ ಇಳಿದರೂ ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿಯಲಿಲ್ಲ.

ಹಾಗಾದರೆ ಮೆಕ್ಕಲಿ ಹೇಳಿದ್ದು ಸುಳ್ಳೇ? ಅಲ್ಲ ನೋಡ್ರಿ. ಹುಟ್ಟಿನಿಂದ ಹೋಮೋಸಿಸ್ಟಿನೂರಿಯಾ ಇರುವ ಮಕ್ಕಳಲ್ಲಿ ಆ ಮಟ್ಟ ನೂರನ್ನೂ ದಾಟುತ್ತದೆ. ಅವರಿಗೆ ಮೊದಲೇ ಚಿಕಿತ್ಸೆ ಕೊಟ್ಟು ಇಳಿಸಿದರೆ ನಾಳದ ಅನಾಹುತ ಬಹಳ ಕಡಿಮೆಯಾಗುತ್ತದೆ. ಅಲ್ಲಿ ಆತ ಹೇಳಿದ್ದು ಪೂರಾ ಖರೆ. ಸ್ವಲ್ಪ ಏರಿದ ದೊಡ್ಡವರ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. ಮೂತ್ರಪಿಂಡ ಸೋತರೂ ಹೋಮೋಸಿಸ್ಟೀನ್ ಏರುತ್ತದೆ, ತಂಬಾಕು ಸೇದುವವರಲ್ಲೂ ಹೆಚ್ಚು ಇರುತ್ತದೆ, ವಯಸ್ಸಾದಂತೆಯೂ ಏರುತ್ತದೆ. ಇವೆಲ್ಲ ಹೃದಯಕ್ಕೂ ಕೆಟ್ಟವೇ. ಹಾಗಾಗಿ ಅನೇಕರಲ್ಲಿ ಹೋಮೋಸಿಸ್ಟೀನ್ ಬೆಂಕಿ ಹಚ್ಚಿದವನಲ್ಲ, ಬೆಂಕಿ ಬಿದ್ದ ಕಡೆ ಕಾಣುವ ಹೊಗೆಯೂ ಇರಬಹುದು. ಇನ್ನು ಲಕ್ವಾದ ಮಾತು ಸ್ವಲ್ಪ ಬೇರೆ. 2015ರಲ್ಲಿ ಚೀನಾದಲ್ಲಿ ರಕ್ತದೊತ್ತಡ ಇದ್ದ 20,702 ಮಂದಿಯಲ್ಲಿ ಅರ್ಧ ಜನಕ್ಕೆ ಬಿಪಿ ಗುಳಿಗಿ, ಉಳಿದರ್ಧಕ್ಕೆ ಬಿಪಿ ಗುಳಿಗಿಯ ಜೊತೆ ಫೋಲಿಕ್ ಆಮ್ಲ ಕೊಟ್ಟರು. ಬರೀ ಬಿಪಿ ಗುಳಿಗಿ ತಗೊಂಡವರಲ್ಲಿ ನೂರಕ್ಕೆ 3.4 ಜನಕ್ಕೆ, ಎರಡೂ ತಗೊಂಡವರಲ್ಲಿ 2.7 ಜನಕ್ಕೆ ಲಕ್ವಾ ಹೊಡೆಯಿತು. ಅಲ್ಲಿ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವ ಪದ್ಧತಿ ಇರಲಿಲ್ಲ, ಜನರ ಮೈಯಲ್ಲಿ ಅದರ ಕೊರತೆ ಇತ್ತು. ಕೊರತೆ ಇದ್ದಲ್ಲಿ ಕೊಟ್ಟದ್ದು ಕೆಲಸ ಮಾಡಿತು.

ಉರಿಯೂತದ ಮಾತೂ ಸುಳ್ಳಾಗಲಿಲ್ಲ. 2017ರಲ್ಲಿ ಹೃದಯಾಘಾತವಾದ 10,061 ಮಂದಿಯ ಒಂದು ಪ್ರಯೋಗದಲ್ಲಿ, ಕೊಲೆಸ್ಟ್ರಾಲನ್ನು ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸುವ ಸೂಜಿ ಕೊಟ್ಟರು. ನಡುವಿನ ಪ್ರಮಾಣದಲ್ಲಿ ತಗೊಂಡವರಿಗೆ ಹೃದಯಾಘಾತ, ಲಕ್ವಾ ಮತ್ತು ಹೃದಯರೋಗದ ಸಾವು ಸೇರಿ ನೂರಕ್ಕೆ 15ರಷ್ಟು ತಗ್ಗಿದವು. ಆದರೆ ಸೋಂಕು ತಗುಲಿ ಸಾಯುವವರು ಸ್ವಲ್ಪ ಹೆಚ್ಚಾದರು. ಅಂದರೆ ನಾಳದೊಳಗಿನ ಉರಿ ಖರೆ, ಆದರೆ ಅದಕ್ಕೆ ಕಿಡಿ ಬೀಳುವ ದಾರಿ ಹಲವು: ಬಿಪಿ, ಸಕ್ಕರಿ, ತಂಬಾಕು, ಕೆಟ್ಟ ಕೊಲೆಸ್ಟ್ರಾಲ್. ಹೋಮೋಸಿಸ್ಟೀನ್ ಅವುಗಳಲ್ಲಿ ಒಂದು, ಎಲ್ಲವೂ ಅಲ್ಲ.

ಇದನ್ನು ಇಷ್ಟು ಬಿಡಿಸಿ ಬರೆಯಲಿಕ್ಕೆ ಕಾರಣ ಇದೆ. ನಮ್ಮ ಕಡೆ ಕೆಲವರು “ಎಲ್ಲಾ ರೋಗದ ಬೇರು ಹೋಮೋಸಿಸ್ಟೀನ್ ಅಂತ” ಅನ್ನುವ ಮಾತು ಕೇಳಿ ಬಿಪಿ ಗುಳಿಗಿ, ಕೊಲೆಸ್ಟ್ರಾಲ್ ಗುಳಿಗಿ ಬಿಟ್ಟು, ಜೀವಸತ್ವದ ದುಬಾರಿ ಡಬ್ಬಿ ತಂದು ನುಂಗುತ್ತಿದ್ದಾರೆ. ಮೇಲೆ ಹೇಳಿದ ಪ್ರಯೋಗ ಒಂದೂ ಹಾಗೆ ಮಾಡಿರಿ ಅಂತ ಹೇಳುವುದಿಲ್ಲ. ಚೀನಾದಲ್ಲಿಯೂ ಬಿಪಿ ಗುಳಿಗಿ ಬಿಡಿಸಿ ಫೋಲಿಕ್ ಆಮ್ಲ ಕೊಡಲಿಲ್ಲ, ಅದರ ಜೊತೆಗೆ ಕೊಟ್ಟರು.

ಹಂಗಂತ ಆ ಅಂಕಿಯನ್ನು ಹರಿದು ಒಗೆಯಬಾರದು. ನಮ್ಮ ಸೀಮೆಯಲ್ಲಿ ಅದು ಬೇರೊಂದು ಸುದ್ದಿ ಹೇಳುತ್ತಿರುತ್ತದೆ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಹಳ್ಳಿ, ಝೋಪಡಪಟ್ಟಿ, ಪಟ್ಟಣ ಮೂರೂ ಕಡೆಯ 441 ನಡುವಯಸ್ಸಿನ ಗಂಡಸರನ್ನು ತಪಾಸಿಸಿ 2006ರಲ್ಲಿ ಬರೆದರು. ನೂರಕ್ಕೆ 67 ಜನರಿಗೆ ಬಿ12 ಕಡಿಮೆ, 58 ಜನರಿಗೆ ಹೋಮೋಸಿಸ್ಟೀನ್ 15ಕ್ಕಿಂತ ಹೆಚ್ಚು. ನಮ್ಮಲ್ಲಿ ಮೆಂತ್ಯಪಲ್ಲೆ, ಪಾಲಕ, ಹೆಸರುಕಾಳು, ಕಡಲಿ ಊಟದಲ್ಲಿ ಇರುತ್ತವೆ, ಫೋಲೇಟ್ ಅಷ್ಟಿಷ್ಟು ಸಿಗುತ್ತದೆ. ಆದರೆ ಬಿ12 ಗಿಡದಲ್ಲಿ ಬೆಳೆಯುವುದಿಲ್ಲ. ಹಾಲು, ಮೊಸರು, ತತ್ತಿ, ಮೀನು, ಮಾಂಸ ಇವುಗಳಲ್ಲೇ ಇರುತ್ತದೆ. ರೊಟ್ಟಿ, ಶೇಂಗಾ ಹಿಂಡಿ, ಬ್ಯಾಳಿ ಉಂಡು, ಇದ್ದ ಹಾಲನ್ನೆಲ್ಲ ಡೇರಿಗೆ ಹಾಕುವ ಶಾಕಾಹಾರಿ ಮನೆಗಳಲ್ಲಿ ಮೊದಲನೆಯ ತೂಬು ಕಟ್ಟುವುದು ಇಲ್ಲೇ. ಸಕ್ಕರಿ ರೋಗದ ಮೆಟ್‌ಫಾರ್ಮಿನ್ ಗುಳಿಗಿಯನ್ನು ಬಹಳ ವರ್ಷ ತಗೊಂಡರೂ ಬಿ12 ಇಳಿಯುತ್ತದೆ. ಕೊರತೆ ಬಲಿತರೆ ಕೈಕಾಲು ಜೋಮು ಹಿಡಿಯುತ್ತವೆ, ನಡಿಗೆ ತಪ್ಪುತ್ತದೆ, ಮರೆವು ಬರುತ್ತದೆ.

ಆದ್ದರಿಂದ ಹೋಮೋಸಿಸ್ಟೀನ್ ಹೆಚ್ಚು ಬಂದರೆ ಮೊದಲು ಬಿ12 ಎಷ್ಟಿದೆ, ಮೂತ್ರಪಿಂಡ ಹೇಗಿದೆ ಅಂತ ಡಾಕ್ಟರರನ್ನು ಕೇಳಬೇಕು. ಬಿ12 ನೋಡದೆ ಬರೀ ಫೋಲಿಕ್ ಆಮ್ಲ ನುಂಗುವುದು ಸರಿಯಲ್ಲ. ರಕ್ತ ಸುಧಾರಿಸಿದಂತೆ ಕಾಣುತ್ತದೆ, ಆದರೆ ಒಳಗೆ ನರ ಕೆಡುವುದು ನಿಲ್ಲುವುದಿಲ್ಲ. ಡೇರಿಗೆ ಹಾಕುವ ಹಾಲಿನಲ್ಲಿ ಒಂದು ಲೋಟ ಮನೆಯ ಮಕ್ಕಳಿಗೆ, ಒಂದು ಲೋಟ ಮನೆಯ ಹಿರಿಯರಿಗೆ ಉಳಿಸಬೇಕು. ಪಲ್ಲೆಯನ್ನು ಬಹಳ ಹೊತ್ತು ಕುದಿಸಿ ನೀರು ಬಸಿದು ಚೆಲ್ಲಬಾರದು, ಫೋಲೇಟ್ ಆ ನೀರಿನ ಜೊತೆ ಹೋಗುತ್ತದೆ. ತಂಬಾಕು ಬಿಡಬೇಕು. ಬಿಪಿ ಗುಳಿಗಿ ಬಿಡಬಾರದು.

ಮೆಕ್ಕಲಿ 91 ವರ್ಷ ಬದುಕಿ 2025ರಲ್ಲಿ ತೀರಿಕೊಂಡರು. ತಮ್ಮ ಮಾತನ್ನು ಜಗತ್ತು ಕೇಳಿದ್ದನ್ನೂ ಕಂಡರು, ದೊಡ್ಡ ಪ್ರಯೋಗಗಳು ಅದಕ್ಕೆ ಮಿತಿ ಹಾಕಿದ್ದನ್ನೂ ಕಂಡರು. ಅವರ ಇತಿಹಾಸವನ್ನು ನಮ್ಮ ಸಾಲಿ ಮಾಸ್ತರರು ಮಕ್ಕಳಿಗೆ ಹೇಳಬೇಕು ಅಂತ ನನ್ನ ಆಸೆ. ಫಳಿಯ ಮೇಲೆ ಎರಡು ಸಾಲು ಬರೆದರೆ ಸಾಕು. ಮೊದಲ ಹುಡುಗ: ಮೆಥಿಯೋನೀನ್ ಹೆಚ್ಚು, ಹೋಮೋಸಿಸ್ಟೀನ್ ಹೆಚ್ಚು, ನಾಳ ಕೆಟ್ಟಿದೆ. ಎರಡನೆಯ ಕೂಸು: ಮೆಥಿಯೋನೀನ್ ಕಡಿಮೆ, ಹೋಮೋಸಿಸ್ಟೀನ್ ಹೆಚ್ಚು, ನಾಳ ಕೆಟ್ಟಿದೆ. ಕೆಡಿಸಿದ್ದು ಯಾವುದು ಅಂತ ಕೇಳಿದರೆ ಏಳನೇ ಇಯತ್ತೆಯ ಮಕ್ಕಳೂ ಹೇಳುತ್ತಾರೆ. ಆಮೇಲೆ, ಇದು ಎಲ್ಲರಿಗೂ ಖರೆ ಅಂತ ಹೇಗೆ ಗೊತ್ತುಮಾಡುವುದು ಅಂತ ಎರಡನೆಯ ಪ್ರಶ್ನೆ ಕೇಳಬೇಕು. ಅದಕ್ಕೆ ಉತ್ತರ ಹುಡುಕಲಿಕ್ಕೆ ಜಗತ್ತಿಗೆ ಸುಮಾರು ನಲವತ್ತು ವರ್ಷ ಹಿಡಿಯಿತು ಅಂತಲೂ ಹೇಳಬೇಕು.